ಕೊಂದವನು ಯಾರೆಂದು ಊರಿಗೆಲ್ಲ ಗೊತ್ತು

ಪತ್ತೇದಾರಿ ಕಥೆ, ಕುತೂಹಲದ ಕಥೆ, ಭಯಾನಕ ಕಥೆ ಇವುಗಳನ್ನು ಬರೆಯಲು ಕಲಿಯುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ಮೊದಲು ನನಗೆ ನಗು ಬಂದಿತು. ಮೂರು ದಶಕಗಳ ಕಾಲ ಪಂಪ, ರನ್ನ, ಜನ್ನರ ಪಾಠ ಹೇಳಿ ನಿವೃತ್ತನಾದ ಕನ್ನಡ ಮಾಸ್ತರನಿಗೂ ಕೊಲೆ ಸುಲಿಗೆಗಳಿಗೂ ಏನು ಸಂಬಂಧ? ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ನಾನೂ ಒಂದು ಕಾಲಕ್ಕೆ ಕೊಲೆಯ ಕಥೆಯೊಂದನ್ನು ಬರೆದವನು. ಅದು ಕೆಟ್ಟ ಕಥೆಯಾಗಿತ್ತು. ಅದು ಕೆಟ್ಟದ್ದೆಲ್ಲಿ ಎಂಬುದನ್ನು ಅರಿಯಲು ನಾನು ಇಂಗ್ಲಿಷ್ ಪುಸ್ತಕಗಳನ್ನು ತಿರುವಿ ಹಾಕಿದೆ. ಉತ್ತರ ಸಿಕ್ಕಿದ್ದು ಮಾತ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ನೆಲದಲ್ಲಿಯೇ. ಆ ಹುಡುಕಾಟದ ವೃತ್ತಾಂತವನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯಲ್ಲಿ. ಅದು ನೇಕಾರರ ಊರು. 1970ರ ಸುಮಾರಿಗೆ ನಮ್ಮ ಓಣಿಯಲ್ಲಿ ಕೈಮಗ್ಗದ ಸಪ್ಪಳವೂ ವಿದ್ಯುತ್ ಮಗ್ಗದ ಸಪ್ಪಳವೂ ಒಂದರೊಳಗೊಂದು ಬೆರೆತು ಕೇಳಿಸುತ್ತಿದ್ದವು. ಬಜಾರದ ತುದಿಯಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯೊಂದಿತ್ತು; ದಿನಕ್ಕೆ ಹತ್ತು ಪೈಸೆ. ಅಲ್ಲಿಂದ ತಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಮಗ್ಗದ ಕುಣಿಯಿಂದ ಕುಣಿಗೆ, ಕೈಯಿಂದ ಕೈಗೆ ಸಾಗುತ್ತಿದ್ದ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡ ಆ ಪುಣ್ಯಾತ್ಮ ಐದುನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. 2011ರಲ್ಲಿ ಅವರು ತೀರಿಕೊಂಡಾಗ ವಿಮರ್ಶಕರ ವಲಯದಲ್ಲಿ ಅಂಥ ಸದ್ದೇನೂ ಆಗಲಿಲ್ಲ. ಆದರೆ ಅಕ್ಷರ ಕೂಡಿಸಿ ಓದುವುದನ್ನು ಶಾಲೆಯಲ್ಲಿ ಕಲಿತ ಎಷ್ಟೋ ನೇಕಾರ ಹುಡುಗರು ಒಂದಿಡೀ ಪುಸ್ತಕವನ್ನು ಮುಗಿಸುವುದನ್ನು ಕಲಿತದ್ದು ಅವರಿಂದ. ನಾನೂ ಅಂಥವರಲ್ಲಿ ಒಬ್ಬ. ಈ ಋಣವನ್ನು ಪಾಠ ಹೇಳುವ ಕಾಲಕ್ಕೆ ತರಗತಿಯಲ್ಲಿ ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ.

ಆ ಅಂಗಡಿಯ ಪುಸ್ತಕಗಳಿಗೆ ಒಂದು ರೋಗವಿತ್ತು. ಎಷ್ಟೋ ಪುಸ್ತಕಗಳ ಕೊನೆಯ ಹಾಳೆಯೇ ಹರಿದುಹೋಗಿರುತ್ತಿತ್ತು. ಕೊಂದವನು ಯಾರೆಂಬುದು ತಿಳಿಯದೆ ನಾವು ಎರಡು ದಿನ ಚಡಪಡಿಸಿ, ಕಟ್ಟೆಯ ಮೇಲೆ ಕುಳಿತು ನಮಗೆ ಬೇಕಾದವನನ್ನು ಕೊಲೆಗಾರನನ್ನಾಗಿ ಮಾಡಿ ಮುಗಿಸುತ್ತಿದ್ದೆವು. ಒಂದೇ ಒಂದು ಹಾಳೆ ಹೋದರೆ ಇಡೀ ಪುಸ್ತಕವೇ ಕೆಡುವುದೆಂದರೆ ಆ ಪುಸ್ತಕ ಎಂಥದು ಎಂಬ ಪ್ರಶ್ನೆ ಆಗ ನಮಗೆ ಹೊಳೆದಿರಲಿಲ್ಲ.

ನಮ್ಮ ಹಿರಿಯರ ಓದು ಬೇರೆಯಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಲ್ಲಿಯವರೆಗೆ ದರಬಾರದ ನುಡಿ ಮರಾಠಿ. ಹೀಗಾಗಿ ಹಳೆಯ ತಲೆಗಳು ಕೊಲೆಯ ಕಥೆ ಬೇಕೆಂದರೆ ಬಾಬುರಾವ ಅರ್ನಾಳಕರರ ಮರಾಠಿ ಪುಸ್ತಿಕೆಗಳನ್ನು ಹಿಡಿಯುತ್ತಿದ್ದರು. ಸಾವಿರಕ್ಕೂ ಹೆಚ್ಚು ಪುಸ್ತಿಕೆ ಬರೆದ ಅವರ ಝುಂಝಾರ, ಕಾಳಾ ಪಹಾಡ ಎಂಬ ನಾಯಕರ ಹೆಸರು ನಮ್ಮ ತಂದೆಯ ವಾರಿಗೆಯವರ ಬಾಯಲ್ಲಿ ಸಲೀಸಾಗಿ ಆಡುತ್ತಿದ್ದವು. ಮೈಸೂರಿನ ಕಡೆಗಂತೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಎಂ. ವೆಂಕಟಕೃಷ್ಣಯ್ಯನವರು ‘ಚೋರಗ್ರಹಣ ತಂತ್ರ’ವನ್ನು ಬರೆದಿದ್ದರು. ಕಳ್ಳನನ್ನು ಹಿಡಿಯುವುದು ಒಂದು ತಂತ್ರ, ಅದನ್ನು ಕಲಿಯಬಹುದು ಎಂಬ ಆ ಶತಮಾನದ ನಂಬಿಕೆ ಹೆಸರಿನಲ್ಲಿಯೇ ಇದೆ.

ಇವೆಲ್ಲವುಗಳ ಮೂಲ ಎಲ್ಲಿಯದು? ಪತ್ತೇದಾರಿ ಕಥೆ ದೊಡ್ಡ ನಗರದ ಕೂಸು. ಅಮೆರಿಕದ ಎಡ್ಗರ್ ಆಲನ್ ಪೋ 1841ರಲ್ಲಿ ಪ್ಯಾರಿಸ್ಸಿನ ಬೀದಿಯೊಂದರಲ್ಲಿ ನಡೆದ ಜೋಡಿ ಕೊಲೆಯ ಕಥೆ ಬರೆದ. ಮರುವರ್ಷವೇ ಲಂಡನ್ನಿನ ಪೊಲೀಸರು ತಮ್ಮಲ್ಲಿ ಪತ್ತೇದಾರರ ವಿಭಾಗವನ್ನು ತೆರೆದರು. 1887ರಲ್ಲಿ ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡ. ನೆರೆಮನೆಯವನ ಹೆಸರು ಗೊತ್ತಿಲ್ಲದ ಲಕ್ಷಾಂತರ ಜನ ಒಂದೆಡೆ ಬಾಳತೊಡಗಿದಾಗ, ಹೆಣ ಬಿದ್ದರೆ ಕೊಂದವನು ಯಾರು ಎಂಬುದು ನಿಜವಾಗಿಯೂ ಒಗಟೇ. ಬೂದಿ, ಕೂದಲು, ಬೂಟಿನ ಕೆಸರು ಇವು ಸಾಕ್ಷಿ ಹೇಳಬೇಕು; ಮನುಷ್ಯರು ಹೇಳಲಾರರು, ಏಕೆಂದರೆ ಅವರು ಒಬ್ಬರನ್ನೊಬ್ಬರು ಬಲ್ಲವರಲ್ಲ.

ಈ ಮಾತನ್ನು ಇಂದು ಇಷ್ಟು ಸುಲಭವಾಗಿ ಹೇಳುತ್ತಿದ್ದೇನೆ. 1986ರಲ್ಲಿ ನನಗೆ ಇದು ತಿಳಿದಿರಲಿಲ್ಲ. ಆಗ ನಾನು ಜಮಖಂಡಿಯಲ್ಲಿ ಅಧ್ಯಾಪಕ, ವಯಸ್ಸು ಇಪ್ಪತ್ತೇಳು, ತಲೆಯ ತುಂಬ ಕಥೆಗಾರನಾಗುವ ಹುಚ್ಚು. ಕೃಷ್ಣಾ ತೀರದ ಹಳ್ಳಿಯೊಂದರಲ್ಲಿ ಅದಕ್ಕೆ ಹತ್ತು ವರ್ಷ ಹಿಂದೆ ಒಂದು ಕೊಲೆ ನಡೆದಿತ್ತು. ಊರಿನ ಹೆಸರು ಬೇಡ. ಹೊಲಕ್ಕೆ ನೀರು ತಿರುವುವ ಸರದಿಯ ಜಗಳ; ರಾತ್ರಿ ನೀರು ಕಟ್ಟಲು ಹೋದ ತರುಣನೊಬ್ಬ ಬೆಳಗಾಗುವಷ್ಟರಲ್ಲಿ ಬಾವಿಯಲ್ಲಿ ಹೆಣವಾಗಿ ತೇಲಿದ. ಸಾಕ್ಷಿ ಸಿಗದೆ ಪ್ರಕರಣ ಬಿದ್ದುಹೋಯಿತು. ಇದನ್ನೇ ಹಿಡಿದು ನಾನು ನಲವತ್ತು ಪುಟದ ಕಥೆ ಕಟ್ಟಿದೆ. ಹುಣ್ಣಿಮೆಯ ಬೆಳದಿಂಗಳಿನ ವರ್ಣನೆಯಿಂದ ಆರಂಭ. ಬಿಜಾಪುರದಿಂದ ಬಂದ ಸಿಗರೇಟು ಸೇದುವ ಒಬ್ಬ ಇನ್‌ಸ್ಪೆಕ್ಟರ್. ಸಂಶಯಕ್ಕೆ ಗುರಿಯಾದವರು ಏಳು ಜನ. ಬದುವಿನ ಹಸಿಮಣ್ಣಿನ ಮೇಲೆ ಎಡಗಾಲು ಎಳೆದ ಹೆಜ್ಜೆಯ ಗುರುತು. ಕೊಂದವನ ಹೆಸರು ಕೊನೆಯ ಪುಟದ ಕೊನೆಯ ಸಾಲಿನಲ್ಲಿ. ಒಂದು ವಾರಪತ್ರಿಕೆಗೆ ಕಳಿಸಿದೆ. ಹೋದಷ್ಟೇ ವೇಗದಲ್ಲಿ ತಿರುಗಿ ಬಂದಿತು.

ಬನಹಟ್ಟಿಯಲ್ಲಿ ನಮ್ಮ ಓಣಿಯಲ್ಲಿ ಒಬ್ಬ ವೃದ್ಧ ನೇಕಾರರಿದ್ದರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ತಾರುಣ್ಯದಲ್ಲಿ ಸಣ್ಣಾಟದ ಮೇಳದಲ್ಲಿ ಹೆಸರು ಮಾಡಿದವರು. ‘ಸಂಗ್ಯಾ ಬಾಳ್ಯಾ’ದಲ್ಲಿ ಬಾಳ್ಯಾನ ವೇಷ ಅವರದೇ. ಕಥೆ ಮರಳಿ ಬಂದ ದುಃಖವನ್ನು ಹೇಳಿಕೊಳ್ಳಲು ಒಂದು ಸಂಜೆ ಅವರ ಮನೆಗೆ ಹೋದೆ. ವಿದ್ಯುತ್ತು ಹೋಗಿ ಮಗ್ಗಗಳು ನಿಂತಿದ್ದವು. ಕಂದೀಲಿನ ಬೆಳಕಿನಲ್ಲಿ ಕಥೆಯನ್ನು ಓದಿದೆ. ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಕಂಡಿಕೆ ಸುತ್ತುತ್ತಿದ್ದಳು. ಓದಿನ ನಡುವೆ ಯಾವಾಗಲೋ ಅವಳ ರಾಟೆ ನಿಂತದ್ದು ಕೇಳಿಸಿತು; ಮುಂದೆ ಯಾವಾಗಲೋ ಅವಳು ಎದ್ದು ಹೋಗಿದ್ದಳು. ನಾನು ಗಮನಿಸಲಿಲ್ಲ. ಕೊನೆಯ ಸಾಲನ್ನು ತಕ್ಕ ಗಂಭೀರ ಧ್ವನಿಯಲ್ಲಿ ಓದಿ ಮುಗಿಸಿ ಕಾಕಾ ಅವರ ಮುಖ ನೋಡಿದೆ.

ಅವರು ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಮ್ಮಾ, ಕೊಂದಾಂವ ಯಾರಂತ ನೀ ಕಡೀಕ ಹೇಳತಿ. ಹಳ್ಯಾಗ ಅದು ಮರುದಿನ ಮುಂಜಾನೇನ ಎಲ್ಲಾರಿಗೂ ಗೊತ್ತಿರತೈತಿ. ಗೊತ್ತಿಲ್ಲದ್ದ ಒಂದ: ಬಾಯಿಬಿಟ್ಟು ಹೇಳಾಂವ ಯಾಂವ ಅನ್ನೂದು.” ಇನ್ನೂ ಸ್ವಲ್ಪ ತಡೆದು, “ಈಗ ಎದ್ದು ಹ್ವಾದ್ಲಲ್ಲ, ಆಕಿ ಯಾರಂತ ಗೊತ್ತೈತೇನು? ಸತ್ತಾವನ ತಂಗಿ. ನಮ್ಮೂರಿಗೆ ಕೊಟ್ಟಾರ” ಎಂದರು.

ಎಲ್ಲವನ್ನೂ ಬಲ್ಲವಳ ಮುಂದೆ ನಾನು ಎಲ್ಲವನ್ನೂ ಬಚ್ಚಿಡುತ್ತ ಓದಿದ್ದೆ. ಆ ರಾತ್ರಿ ಜಮಖಂಡಿಯ ಕೊನೆಯ ಬಸ್ಸು ತಪ್ಪಿತು, ನಿದ್ರೆಯೂ ತಪ್ಪಿತು.

ಕಾಕಾ ಅವರ ಮಾತಿನ ಅರ್ಥವಾಗಲು ನಾನು ಸಣ್ಣಾಟವನ್ನು ಹೊಸದಾಗಿ ನೋಡಬೇಕಾಯಿತು. ‘ಸಂಗ್ಯಾ ಬಾಳ್ಯಾ’ ಕಟ್ಟುಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯೊಂದು ಅದರ ಬೀಜ. ಸಿರಿವಂತ ಸಂಗ್ಯಾ, ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯ ಮೇಲೆ ಮನಸ್ಸಿಟ್ಟ. ಗಂಡ ಊರಲ್ಲಿಲ್ಲದ ಹೊತ್ತಿನಲ್ಲಿ ಅವಳನ್ನು ಪಡೆದ. ಪ್ರಾಣದ ಗೆಳೆಯ ಬಾಳ್ಯಾನೇ ಗುಟ್ಟು ಬಿಟ್ಟುಕೊಟ್ಟ. ಈರಣ್ಣನೂ ಅವನ ತಮ್ಮಂದಿರೂ ಸಂಗ್ಯಾನನ್ನು ಕೊಂದರು. ಇಷ್ಟೇ ಕಥೆ. ಬೈಲವಾಡದ ಪತ್ತಾರ ಮಾಸ್ತರರು ಇದನ್ನು ಆಟವಾಗಿ ಕಟ್ಟಿದರು. ಮುಂಬಯಿ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಮಾಡಿಸಿದಾಗ ಸಂಗೊಳ್ಳಿ ರಾಯಣ್ಣನ ಜೊತೆಗೆ ಈ ಸಂಗ್ಯಾನ ಹಾಡಿಗೂ ಸ್ಥಾನ ಸಿಕ್ಕಿತು. ಮುಂದೆ ಚಂದ್ರಶೇಖರ ಕಂಬಾರರು ಆಟವನ್ನು ಸಂಪಾದಿಸಿದರು. 1992ರಲ್ಲಿ ಅದು ಚಲನಚಿತ್ರವೂ ಆಯಿತು. ಶಾಸನಗಳ ಕಾಲನಿರ್ಣಯದಲ್ಲಿ ಮುಳುಗಿದ್ದ ಒಬ್ಬ ಆಂಗ್ಲ ಪಂಡಿತನಿಗೆ ಒಂದು ಹಾದರದ ಕೊಲೆಯ ಹಾಡನ್ನು ಬರೆದಿಡಬೇಕೆನ್ನಿಸಿತಲ್ಲ, ನಮ್ಮ ಪಂಡಿತರಿಗೆ ಅದು ಅನ್ನಿಸಲು ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು!

ಇದರಲ್ಲಿ ಗುಟ್ಟೆಂಬುದು ಏನಾದರೂ ಇದೆಯೇ? ಆಟದ ಹೆಸರು ಡಂಗುರದಲ್ಲಿ ಕೇಳಿದಾಗಲೇ ಸಂಗ್ಯಾ ಸಾಯುತ್ತಾನೆ, ಬಾಳ್ಯಾ ಮೋಸ ಮಾಡುತ್ತಾನೆ ಎಂಬುದು ಐದು ವರ್ಷದ ಮಗುವಿಗೂ ಗೊತ್ತು. ಆದರೂ ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳಲ್ಲಿ ಜನ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತು ಇದನ್ನು ಹತ್ತು ಸಲ, ಇಪ್ಪತ್ತು ಸಲ ನೋಡಿದರು. ಕೊನೆಯ ಹಾಳೆ ಹರಿದ ಪುರುಷೋತ್ತಮನನ್ನು ನಾವು ಎಸೆದುಬಿಡುತ್ತಿದ್ದೆವು. ಇಲ್ಲಿ ಕೊನೆಯ ಹಾಳೆಯನ್ನು ಮೊದಲೇ ಓದಿಕೊಂಡು ಬಂದ ಜನ ಮುಂಜಾವದವರೆಗೆ ಅಲುಗದೆ ಕೂಡುತ್ತಾರೆ. ಈ ರಹಸ್ಯವೇನು?

ಕಾಕಾ ಅವರನ್ನೇ ಕೇಳಿದೆ. ಅವರು ವಿವರಿಸಿದ್ದು ಸಿದ್ಧಾಂತವನ್ನಲ್ಲ, ವೇಷದ ಅನುಭವವನ್ನು. ಮೋಸಕ್ಕೆ ಒಪ್ಪಿ ಬಂದ ಬಾಳ್ಯಾ ಸಂಗ್ಯಾನನ್ನು ಕಾಣುವ ಪ್ರಸಂಗದಲ್ಲಿ ತಾವು ಒಂದು ವೀಳ್ಯದೆಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಮಡಿಚಿ ಗೆಳೆಯನ ಕೈಗೆ ಕೊಡುತ್ತಿದ್ದೆವೆಂದರು. ಪದ ಇಲ್ಲ, ಮಾತಿಲ್ಲ, ಹಿಮ್ಮೇಳವೂ ಸುಮ್ಮನೆ. ಎಲೆಗೆ ಸುಣ್ಣ ಸವರುವುದನ್ನು ಅವರು ಎಷ್ಟು ನಿಧಾನ ಮಾಡುತ್ತಿದ್ದರೆಂದರೆ, ಹೆಂಗಸರ ಸಾಲಿನಿಂದ ಯಾರಾದರೊಬ್ಬ ಮುದುಕಿ ತಡೆಯಲಾರದೆ “ಏ ಸಂಗ್ಯಾ, ತಿನಬ್ಯಾಡೊ!” ಎಂದು ಕೂಗುತ್ತಿದ್ದಳಂತೆ. ಎಲೆಯಲ್ಲಿ ವಿಷವಿರಲಿಲ್ಲ. ವಿಷ ಎಲ್ಲಿತ್ತೆಂಬುದು ಆ ಮುದುಕಿಗೆ ಗೊತ್ತಿತ್ತು, ಸಂಗ್ಯಾನಿಗೆ ಗೊತ್ತಿರಲಿಲ್ಲ. “ಕೂಗು ಬೀಳೂತನಕ ನಾ ಎಲಿ ಕೊಡತಿರಲಿಲ್ಲ” ಎಂದು ಕಾಕಾ ನಕ್ಕರು.

ವರ್ಷಗಳ ಮೇಲೆ ಚಲನಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ತ್ರೂಫೋ ಜೊತೆ ನಡೆಸಿದ ಸಂವಾದವನ್ನು ಓದಿದೆ. ಮೇಜಿನ ಕೆಳಗೆ ಬಾಂಬು ಇದೆ. ಅದು ಪ್ರೇಕ್ಷಕನಿಗೆ ತಿಳಿಯದೆ ಸಿಡಿದರೆ ಹದಿನೈದು ಸೆಕೆಂಡಿನ ಬೆರಗು. ಮೊದಲೇ ತಿಳಿದಿದ್ದರೆ ಹದಿನೈದು ನಿಮಿಷದ ತಳಮಳ ಎಂದು ಅವನು ಹೇಳುತ್ತಾನೆ. ನನಗೆ ಬನಹಟ್ಟಿಯ ಸುಣ್ಣದ ಡಬ್ಬಿ ನೆನಪಾಯಿತು.

ಇಷ್ಟಾದ ಮೇಲೆ, ಪಾಠ ಹೇಳಿ ಹೇಳಿ ಬಾಯಿಪಾಠವಾಗಿದ್ದ ಹಳೆಯ ಕಾವ್ಯಗಳನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದು ಒಂದು. ಜೊತೆಗೆ ಬೆಳೆದ ಗೆಳೆಯರಿಬ್ಬರು. ಒಬ್ಬ ಕಳವಿನ ವಿದ್ಯೆ ಕಲಿತ, ಇನ್ನೊಬ್ಬ ಕಳ್ಳರನ್ನು ಹಿಡಿಯುವ ವಿದ್ಯೆ ಕಲಿತು ತಳಾರನಾದ. ಹಗಲು ಕುಷ್ಠರೋಗಿಯ ವೇಷದಲ್ಲಿ ಹಾಳುಗುಡಿಯಲ್ಲಿ ಬಿದ್ದಿರುವ ಕಳ್ಳ ಅರಸನ ಹಾರವನ್ನೇ ಕದಿಯುತ್ತಾನೆ. ಪತ್ತೆ ಹಚ್ಚಲು ತಳಾರನಿಗೆ ಅರಸ ಗಡುವು ಕೊಡುತ್ತಾನೆ. ಪೋಗಿಂತ ಒಂಬತ್ತು ಶತಮಾನ ಮೊದಲು ಕನ್ನಡ ಗದ್ಯದಲ್ಲಿ ಕಳ್ಳನೂ ಇದ್ದಾನೆ, ಪತ್ತೇದಾರನೂ ಇದ್ದಾನೆ, ಗಡುವೂ ಇದೆ. ಇಲ್ಲದ್ದು ಒಂದೇ, ಓದುಗನಿಂದ ಮುಚ್ಚಿಟ್ಟ ಹೆಸರು. ಕದ್ದವನು ಯಾರೆಂದು ಕಥೆಗಾರ ನಮಗೆ ಮೊದಲೇ ಹೇಳಿ, ಈ ಇಬ್ಬರು ಗೆಳೆಯರು ಎದುರೆದುರಾದಾಗ ಏನಾಗುವುದೆಂದು ಕಾಯಿಸುತ್ತಾನೆ. ಸಂಗ್ಯಾ ಬಾಳ್ಯಾರಲ್ಲಿಯೂ ಇಬ್ಬರು ಗೆಳೆಯರೇ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಅಪರಾಧದ ಕಥೆ ಅಪರಿಚಿತರ ನಡುವೆ ಹುಟ್ಟುವುದೇ ಇಲ್ಲ.

ಇಂಗ್ಲಿಷಿನಲ್ಲಿಯೂ ಪೋಗಿಂತ ಎರಡು ವರ್ಷ ಮೊದಲು, 1839ರಲ್ಲಿ, ಒಂದು ಅಪರಾಧದ ಕಾದಂಬರಿ ಭಾರೀ ಹೆಸರು ಮಾಡಿತು: ಮೆಡೋಸ್ ಟೇಲರನ ‘ಕನ್‌ಫೆಷನ್ಸ್ ಆಫ್ ಎ ಥಗ್’. ನಿಜಾಮನ ಸೇವೆಯಲ್ಲಿದ್ದು ಮುಂದೆ ನಮ್ಮ ಸುರಪುರದ ಆಡಳಿತವನ್ನು ನೋಡಿಕೊಂಡ ಅದೇ ಟೇಲರ್. ಅಲ್ಲಿ ಅಮೀರ ಅಲಿ ಎಂಬ ಠಕ್ಕ ಸೆರೆಯಲ್ಲಿ ಕುಳಿತು ತಾನೇ ಮಾಡಿದ ಕೊಲೆಗಳನ್ನು ತಾನೇ ಹೇಳುತ್ತಾನೆ. ಮತ್ತೆ ಅದೇ, ಕೊಂದವನು ಮೊದಲ ಪುಟದಲ್ಲಿಯೇ ನಮ್ಮೆದುರು ಕುಳಿತಿದ್ದಾನೆ. ದಕ್ಖನ್ನಿನ ಗಾಳಿಯ ಗುಣವೋ ಏನೋ ಎಂದು ತಮಾಷೆಗೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

ಇನ್ನು ಭಯಾನಕದ ವಿಷಯ. ಇದಕ್ಕೆ ನಾವು ದೂರ ಹೋಗಬೇಕಾದ್ದಿಲ್ಲ, ಮುಧೋಳದವರೆಗೆ ಹೋದರೆ ಸಾಕು. ಜಂಬುಖಂಡಿ ಎಪ್ಪತ್ತರ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನ ‘ಗದಾಯುದ್ಧ’ವನ್ನು ಎಲ್ಲರೂ ವೀರ, ರೌದ್ರಗಳಿಗೆ ನಿದರ್ಶನವಾಗಿ ಕಲಿಸುತ್ತಾರೆ. ನಾನೂ ಹಾಗೆಯೇ ಕಲಿಸಿದೆ. ಆದರೆ ಗದೆಗಳು ತ‍ಾಕುವ ಬಹಳ ಮೊದಲು ಅಲ್ಲಿ ಒಂದು ನಡಿಗೆ ಇದೆ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನ ಕೈಹಿಡಿದು ಕುರುಕ್ಷೇತ್ರದ ಹೆಣಗಳ ನಡುವೆ ಭೀಷ್ಮನ ಕಡೆಗೆ ನಡೆಯುತ್ತಾನೆ. ರಕ್ತ ಕುಡಿದು ಸೊಕ್ಕಿದ ಮರುಳುಗಳು ಅವನನ್ನು ಕಂಡು ಗೇಲಿ ಮಾಡುತ್ತವೆ. ಕಾಲಿಗೆ ತೊಡರುವುದು ದ್ರೋಣನ ದೇಹ, ಇನ್ನಷ್ಟು ಮುಂದೆ ಮಗ ಲಕ್ಷಣಕುಮಾರನದು, ದುಶ್ಶಾಸನನದು, ಕೊನೆಗೆ ಕರ್ಣನದು.

ಇದರ ಕಟ್ಟಡವನ್ನು ನೋಡಿ. ಮರುಳುಗಳು ಭಯ ಹುಟ್ಟಿಸುವುದಿಲ್ಲ. ಅವು ಹೆಚ್ಚೆಂದರೆ ಮೈ ಜುಮ್ಮೆನ್ನಿಸುತ್ತವೆ, ಒಮ್ಮೊಮ್ಮೆ ನಗಿಸುತ್ತವೆ ಕೂಡ. ನಿಜವಾದ ಭಯವಿರುವುದು ಮುಂದಿನ ಹೆಜ್ಜೆಯಲ್ಲಿ. ಮುಂದೆ ಯಾರ ಹೆಣವಿದೆ ಎಂಬುದು ನಮಗೆ ಗೊತ್ತು, ಅವನಿಗೂ ಗೊತ್ತು. ಕರ್ಣ ಸತ್ತದ್ದು ಸುದ್ದಿಯೇನಲ್ಲ. ಆದರೆ ಗೊತ್ತಿರುವುದನ್ನು ಕಣ್ಣಾರೆ ನೋಡಲೇಬೇಕಾದ ಹೊತ್ತು ಹತ್ತಿರ ಬರುತ್ತಿದೆ. ಭರತಮುನಿ ಭಯವನ್ನು ಹೆಂಗಸರ, ನೀಚ ಪ್ರಕೃತಿಯವರ ಭಾವವೆಂದು ಬರೆದಿಟ್ಟ. ಬಳೆಗಾರರ ಮನೆಯ ಈ ಕವಿ ಅದನ್ನು ಛಲದಂಕಮಲ್ಲನೆನಿಸಿದ ಚಕ್ರವರ್ತಿಯ ಎದೆಯಲ್ಲಿ ಇಟ್ಟ. ಭಯಾನಕ ಕಥೆ ಬರೆಯಬೇಕೆನ್ನುವ ತರುಣರು ಸ್ಮಶಾನಕ್ಕೋ ಪಾಳುಬಂಗಲೆಗೋ ಓಡುವ ಮೊದಲು ಮುಧೋಳದ ಬಸ್ಸು ಹಿಡಿಯಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಜನ್ನನ ‘ಯಶೋಧರ ಚರಿತೆ’ (1209) ಕೂಡ ಹೀಗೆಯೇ. ಚಂಡಮಾರಿಯ ಗುಡಿಯಲ್ಲಿ ಬಲಿಯ ಸಿದ್ಧತೆ. ಅಲ್ಲಿಗೆ ಎಳೆದು ತಂದ ಅಣ್ಣ ತಂಗಿ, ಅಭಯರುಚಿ ಮತ್ತು ಅಭಯಮತಿ. ಅವರು ಅಳುವುದಿಲ್ಲ. ಮಕ್ಕಳು ಅತ್ತಿದ್ದರೆ ನಮಗೆ ಕರುಣೆ ಬಂದು ಹಗುರವಾಗುತ್ತಿತ್ತು. ಅಣ್ಣ ಮೆಲ್ಲನೆ ತಂಗಿಗೆ ಧೈರ್ಯ ಹೇಳುತ್ತಾನೆ. ಹೆದರಿಕೆಯ ಭಾರವೆಲ್ಲ ಓದುವವರ ಮೇಲೆ ಬೀಳುತ್ತದೆ.

ಮತ್ತೆ ನಮ್ಮ ನಾಡಿನ ಅಪರಾಧಗಳಿಗೆ ಬರೋಣ. ಅಪರಾಧವೆಂಬ ಮಾತನ್ನು ಆಡುವವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಸರಳವಾಗಿಲ್ಲ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರಗಳನ್ನು ಒಪ್ಪಿಸಲು ಒಲ್ಲೆವೆಂದರು. ನವೆಂಬರದಲ್ಲಿ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಹಿಡಿದವರನ್ನು ಗಲ್ಲಿಗೇರಿಸಿದರು. ಸರಕಾರದ ಕಾಗದದಲ್ಲಿ ಅವರು ಅಪರಾಧಿಗಳು. ಲಾವಣಿಕಾರನ ಬಾಯಲ್ಲಿ ವೀರರು. ಫ್ಲೀಟನ ಸಂಗ್ರಹದಲ್ಲಿ ಈ ಲಾವಣಿಯೂ ಸೇರಿತು. ಇಂದು ಶಾಲೆಯ ಮಕ್ಕಳು ಅದನ್ನು ಕನ್ನಡ ಪಠ್ಯದಲ್ಲಿ ಓದುತ್ತಾರೆ. ಗಲ್ಲು ನೋಡಿದವರ ಮೊಮ್ಮಕ್ಕಳು ಹಾಡನ್ನು ಕೇಳುತ್ತ ಕುಳಿತಿರುವಾಗ ಅಲ್ಲಿಯೂ ಅಂತ್ಯ ಗುಟ್ಟಲ್ಲ.

ಬೀಳಗಿಯ ಸೀಮೆಯದು ಸಿಂಧೂರ ಲಕ್ಷ್ಮಣನ ಕಥೆ. ಜತ್ತ ಸಂಸ್ಥಾನದ ಸಿಂಧೂರ ಗ್ರಾಮದವನು. ಸರಕಾರದ ಪಾಲಿಗೆ ದರೋಡೆಕೋರ, ಬಡವರ ಪಾಲಿಗೆ ಬಂಧು. 1922ರಲ್ಲಿ ಬೀಳಗಿಯ ಕಡೆ ಗುಡ್ಡದ ಸೆರಗಿನಲ್ಲಿ ಗುಂಡಿಗೆ ಬಿದ್ದ. ಅವನ ನಾಟಕವನ್ನು ನಮ್ಮ ಭಾಗದ ಕಂಪನಿಗಳು ಆಡಿದ್ದಕ್ಕೆ ಲೆಕ್ಕವಿಲ್ಲ. ಚಿಕ್ಕಂದಿನಲ್ಲಿ ನಾನು ಜಾತ್ರೆಯ ತಂಬುವಿನಲ್ಲಿ ಅದನ್ನು ನೋಡಿದಾಗ ಗುಂಡಿನ ಸದ್ದು ನನ್ನನ್ನು ಅಂಜಿಸಲಿಲ್ಲ. ಅಂಜಿಸಿದ್ದು ಅದರ ಹಿಂದಿನ ಊಟ. ಜನ ಹೇಳುವ ಕಥೆಯಲ್ಲಿ, ನಂಬಿದವರೇ ಅವನನ್ನು ಉಣ್ಣಲು ಕರೆದಿರುತ್ತಾರೆ. ಬಡಿಸುವವರ ಕೈ ನಡುಗುತ್ತದೆ. ಲಕ್ಷ್ಮಣ ಹಸಿದು ಬಂದವನು, ತಲೆ ತಗ್ಗಿಸಿ ಉಣ್ಣುತ್ತಾನೆ. ನನ್ನ ಬದಿಗೆ ಕುಳಿತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಸಂಗ್ಯಾನಿಗೆ ಎಲೆ, ಲಕ್ಷ್ಮಣನಿಗೆ ಊಟ. ಸಾವಿನ ಮುಂದೆ ಇಡುವ ಈ ಅನ್ನ, ಈ ವೀಳ್ಯ ನಮ್ಮ ಜನರ ಕಲ್ಪನೆಗೆ ಏಕೆ ಇಷ್ಟು ಬೇಕಾಯಿತು? ಉಂಡ ಮನೆ, ತಿಂದ ಎಲೆ ಎಂಬುದು ನಮ್ಮಲ್ಲಿ ಆಣೆಗೆ ಸಮ. ಅದನ್ನು ಮುರಿದಾಗ ಸಾಯುವವನು ಒಬ್ಬನೇ ಅಲ್ಲ ಎಂಬ ತಿಳಿವಳಿಕೆ ಪ್ರೇಕ್ಷಕರಿಗಿದೆ. ಲಂಡನ್ನಿನ ಕಥೆಗಾರ ವಿಷದ ಹೆಸರನ್ನು ತಿಳಿದಿರಬೇಕು. ನಮ್ಮ ಕಥೆಗಾರ ಬಡಿಸಿದವರ ಮುಖವನ್ನು ತಿಳಿದಿರಬೇಕು.

ಹೀಗೆಂದು ನಗರದ ಪತ್ತೇದಾರಿ ಕಥೆಯನ್ನು ನಾನು ತಳ್ಳಿಹಾಕುತ್ತಿಲ್ಲ. ನರಸಿಂಹಯ್ಯನವರ ನಂತರ ಟಿ. ಕೆ. ರಾಮರಾವ್ (1929–1988) ಆ ಜಾತಿಯ ಬರಹಕ್ಕೆ ಹದವಾದ ಗದ್ಯವನ್ನೂ ನ್ಯಾಯಾಲಯದ ಆವರಣವನ್ನೂ ತಂದರು. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಮಾಟಮಂತ್ರದ ಭಯವನ್ನು ಮನೆಮನೆಗೆ ಹೊತ್ತು ತಂದಿತು. ಅದರ ಬಗೆಗೆ ನಡೆದ ವಾದವಿವಾದ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯನ್ನೂ ಬಿಟ್ಟಿರಲಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಇಂದು ಕೊಂದವನು ಯಾರೆಂಬುದು ನಿಜವಾಗಿ ಒಗಟೇ. ಆ ಊರಿನ ಕಥೆಗೆ ಆ ಕಟ್ಟು ಸಲ್ಲುತ್ತದೆ. ನನ್ನ ತಪ್ಪು, ಲಂಡನ್ನಿನ ಬೀಗಕ್ಕೆ ಮಾಡಿದ ಕೀಲಿಯಿಂದ ಕೃಷ್ಣಾ ತೀರದ ಮನೆಯ ಬಾಗಿಲು ತೆರೆಯಹೋದದ್ದು. ಆ ಬಾಗಿಲಿಗೆ ಬೀಗವೇ ಇರಲಿಲ್ಲ. ಎಲ್ಲರೂ ಒಳಗೆ ನೋಡಿದ್ದರು, ನೋಡಿ ಸುಮ್ಮನಿದ್ದರು. ಬರೆಯಬೇಕಾಗಿದ್ದುದು ಆ ಸುಮ್ಮನಿರುವಿಕೆಯನ್ನು: ಮರುದಿನ ಕೊಂದವನು ಅಂಗಡಿಗೆ ಬಂದು ಬೆಂಕಿಪೆಟ್ಟಿಗೆ ಕೇಳಿದಾಗ ಅಂಗಡಿಕಾರ ಕೈ ನೀಡಿ ಕೊಟ್ಟನಲ್ಲ, ಆ ಕೈಯನ್ನು.

ಕಥೆ ಓದಿದ ಸಂಜೆಯ ಮೇಲೆ ಹದಿನೈದು ದಿನ ಕಳೆದು ಮತ್ತೆ ಬನಹಟ್ಟಿಗೆ ಹೋದೆ. ಆ ಹೆಣ್ಣುಮಗಳಲ್ಲಿ ಕ್ಷಮೆ ಕೇಳಬೇಕೆಂದು ಕಾಕಾ ಅವರ ಮುಂದೆ ಹೇಳಿದೆ. “ಆಕಿ ಸಿಟ್ಟಿಗೆದ್ದಿಲ್ಲ. ಒಂದ ಮಾತ ಕೇಳ್ಯಾಳ” ಎಂದರು ಕಾಕಾ. “ಅಣ್ಣ ಅಂದ ರಾತ್ರಿ ಉಂಡು ಹೋಗಿದ್ದ. ಅದನ್ನ ಬರದಾರೇನು ಅಂತ.”

ನಲವತ್ತು ಪುಟಗಳಲ್ಲಿ ಅದಿರಲಿಲ್ಲ. ಇನ್‌ಸ್ಪೆಕ್ಟರನ ಸಿಗರೇಟುಗಳ ಲೆಕ್ಕವಿತ್ತು.

ಜಮಖಂಡಿಗೆ ಮರಳಿ ಕಥೆಯನ್ನು ಮೊದಲಿನಿಂದ ಬರೆಯಲು ಕುಳಿತೆ. ಇನ್‌ಸ್ಪೆಕ್ಟರ್ ಹೋದ, ಏಳು ಜನ ಸಂಶಯಿತರೂ ಹೋದರು. ಎರಡೇ ಪುಟ ಉಳಿದವು: ತಂಗಿ ಅಣ್ಣನಿಗೆ ಬಡಿಸುತ್ತಾಳೆ, ಹೊರಗೆ ಬೆಳದಿಂಗಳು, ಅಂಗಳದಿಂದ ಯಾರೋ ಅವನ ಹೆಸರು ಹಿಡಿದು ಕೂಗುತ್ತಾರೆ, ಕೂಗಿದವನ ಧ್ವನಿ ಅವಳಿಗೆ ಗೊತ್ತು. ಆ ಎರಡು ಪುಟಗಳನ್ನು ಪತ್ರಿಕೆಗೆ ಕಳಿಸುವ ಮನಸ್ಸಾಗಲಿಲ್ಲ. ಆಕೆಯ ಒಪ್ಪಿಗೆ ಬೇಕೆನ್ನಿಸಿ, ಕಾಕಾ ಅವರ ಮನೆಯಲ್ಲಿ ಅವರನ್ನೂ ಕೂಡಿಸಿಕೊಂಡು ಓದಿದೆ. ಈ ಸಲ ರಾಟೆ ನಿಲ್ಲಲಿಲ್ಲ. ತಂಗಿ ಅಣ್ಣನ ತಾಟಿಗೆ ಎರಡನೆಯ ರೊಟ್ಟಿ ಹಾಕುವಲ್ಲಿಗೆ ಬಂದಾಗ ಆಕೆ ನೂಲಿನಿಂದ ಕಣ್ಣೆತ್ತದೆಯೇ ಹೇಳಿದಳು:

“ರೊಟ್ಟಿ ಅಲ್ಲರಿ. ಅಂದು ಎಳ್ಳಮಾಸಿ. ಕಡಬ ಮಾಡಿದ್ದೆ.”